ದಿಕ್ಕಿನ ಗೀಟುಗಳು

ಪಿಯುಸಿ ಮುಗಿಯುವವರೆಗೆ ಸಮೀಕರಣ ಎಂದರೆ ಒಂದು ಸಂಖ್ಯೆಯನ್ನು ಹುಡುಕಿ ತೆಗೆಯುವ ಕೆಲಸ. ಎಕ್ಸ್ ಎಷ್ಟು ಎಂದು ಕೇಳುತ್ತಾರೆ, ಮೂರು ಎನ್ನುತ್ತೇವೆ, ಅಲ್ಲಿಗೆ ಲೆಕ್ಕ ಮುಗಿಯಿತು. ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ, ಎರಡನೆಯ ವರ್ಷ ಅವಕಲ ಸಮೀಕರಣಗಳ ಪಾಠ ಶುರುವಾಯಿತು. ಅಲ್ಲಿ ಹುಡುಕಬೇಕಾದ್ದು ಸಂಖ್ಯೆಯಲ್ಲ, ಒಂದು ಇಡೀ ಫಂಕ್ಷನ್. ಬೋರ್ಡಿನ ಮೇಲೆ ಮೊದಲು ಬಂದದ್ದು ಡಿವೈ ಬೈ ಡಿಎಕ್ಸ್ ಸಮ ವೈ. ಯಾವ ರಾಶಿಯ ಬೆಳವಣಿಗೆಯ ವೇಗ ಪ್ರತಿ ಕ್ಷಣದಲ್ಲೂ ಆ ರಾಶಿಯಷ್ಟೇ ಇರುತ್ತದೆ? ಪ್ರಶ್ನೆ ಕೇಳಿದ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹಿಂದಿನ ವರ್ಷ ಕಲಿತಿದ್ದ ‘ಇ’ಯ ಎಕ್ಸ್ ಘಾತ ಯಾಕೆ ಅಷ್ಟು ಮುಖ್ಯ ಎಂಬುದು ಆ ಮೌನದಲ್ಲಿ ನನಗೆ ಹೊಳೆಯಿತು. ಅದನ್ನು ಅವಕಲಿಸಿದರೆ ಅದೇ ಬರುತ್ತದೆ ಎಂದು ಬಾಯಿಪಾಠ ಮಾಡಿದ್ದೆವು. ಆ ಗುಣವೇ ಒಂದು ಪ್ರಶ್ನೆಗೆ ಉತ್ತರವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ನಮ್ಮ ಬಾಯಲ್ಲಿ ಆ ವಿಷಯದ ಹೆಸರು ಡಿ.ಇ. ಪಠ್ಯಕ್ರಮ ಒಂದು ಗೊತ್ತಾದ ದಾರಿಯಲ್ಲಿ ಸಾಗುತ್ತಿತ್ತು. ಮೊದಲು ವೇರಿಯಬಲ್ ಸೆಪರಬಲ್, ಆಮೇಲೆ ಹೋಮೋಜೀನಿಯಸ್, ಎಕ್ಸಾಕ್ಟ್, ಲೀನಿಯರ್, ಬರ್ನೂಲಿ, ಕ್ಲೆರೋ. ಪ್ರತಿಯೊಂದಕ್ಕೂ ಒಂದು ಗುರುತು, ಒಂದು ವಿಧಾನ. ಹಾಸ್ಟೆಲಿನಲ್ಲಿ ರೈಸಿಂಘಾನಿಯಾ ಅವರ ದಪ್ಪ ಪುಸ್ತಕ ಕೋಣೆಯಿಂದ ಕೋಣೆಗೆ ತಿರುಗುತ್ತಿತ್ತು. ರಾತ್ರಿ ಊಟವಾದ ಮೇಲೆ ಯಾರಾದರೂ ಒಬ್ಬರು ಒಂದು ಸಮೀಕರಣ ಓದುತ್ತಿದ್ದರು. ಇದು ಯಾವ ಜಾತಿ ಎಂದು ಉಳಿದವರು ಹೇಳಬೇಕು. ಇಂಟಿಗ್ರೇಟಿಂಗ್ ಫ್ಯಾಕ್ಟರ್ ಹಾಕಬೇಕೋ, ವೈ ಸಮ ವಿಎಕ್ಸ್ ಎಂದು ಬದಲಿಸಬೇಕೋ ಎಂದು ವಾದ ನಡೆಯುತ್ತಿತ್ತು. ಆ ದಿನಗಳ ಸಂತೋಷ ಇಂದಿಗೂ ನನ್ನಲ್ಲಿದೆ. ಇಂಟಿಗ್ರೇಟಿಂಗ್ ಫ್ಯಾಕ್ಟರಿನಿಂದ ಗುಣಿಸಿದ ಕೂಡಲೇ ಎಡಗಡೆಯ ಎರಡು ಪದಗಳು ಒಂದು ಗುಣಲಬ್ಧದ ನಿಷ್ಪನ್ನವಾಗಿ ಒಂದುಗೂಡುತ್ತವೆ. ಪ್ರಾಡಕ್ಟ್ ರೂಲನ್ನು ಹಿಂದಿನಿಂದ ಮುಂದಕ್ಕೆ ಓದಿದಂತೆ. ಹಾಗೆ ಒಂದುಗೂಡುವುದನ್ನು ಮೊದಲ ಸಲ ಕಂಡ ಸಂಜೆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ. ಅದೇ ಬಗೆಯ ಇನ್ನೊಂದು, ಮತ್ತೊಂದು ಲೆಕ್ಕ ಬಿಡಿಸುತ್ತ ಕೂತೆ.

ಎರಡನೆಯ ದರ್ಜೆಯ ಸಮೀಕರಣಗಳಿಗೆ ಬಂದಾಗ ಇನ್ನೂ ದೊಡ್ಡದೊಂದು ಬೆರಗು ಕಾದಿತ್ತು. ಸಹಗುಣಕಗಳು ಸ್ಥಿರವಾಗಿದ್ದರೆ ವೈ ಬದಲು ‘ಇ’ಯ ಎಂಎಕ್ಸ್ ಘಾತ ಇಟ್ಟು ನೋಡಿ ಎಂದರು ಮೇಷ್ಟ್ರು. ಇಟ್ಟೆವು. ನಿಷ್ಪನ್ನಗಳೆಲ್ಲ ಮಾಯವಾಗಿ, ಎಂ ಸ್ಕ್ವೇರ್, ಎಂ, ಒಂದು ಸ್ಥಿರಾಂಕ ಇಷ್ಟೇ ಉಳಿದವು. ಹೈಸ್ಕೂಲಿನ ವರ್ಗ ಸಮೀಕರಣ! ಆಯ್ಲರ್ ಈ ಉಪಾಯವನ್ನು 1739ರಲ್ಲಿ ತನ್ನ ಹಿರಿಯ ಗುರು ಯೋಹಾನ್ ಬರ್ನೂಲಿಗೆ ಪತ್ರದಲ್ಲಿ ಬರೆದು ತಿಳಿಸಿದ, 1743ರಲ್ಲಿ ಪ್ರಕಟಿಸಿದ. ನಾವು ಅದನ್ನು ಆಕ್ಸಿಲರಿ ಈಕ್ವೇಷನ್ ಎಂದು ಕರೆದು, ಕಾಂಪ್ಲಿಮೆಂಟರಿ ಫಂಕ್ಷನ್ ಅಂದರೆ ಸಿ.ಎಫ್. ಬರೆದು, ಆಮೇಲೆ ಪರ್ಟಿಕ್ಯುಲರ್ ಇಂಟಿಗ್ರಲ್ ಅಂದರೆ ಪಿ.ಐ. ಹುಡುಕಿ, ಎರಡನ್ನೂ ಕೂಡಿಸಿ ಉತ್ತರದ ಕೆಳಗೆ ಗೆರೆ ಎಳೆಯುತ್ತಿದ್ದೆವು.

ಈ ವರ್ಗ ಸಮೀಕರಣದ ನಿಜವಾದ ಅರ್ಥ ನನಗೆ ತಿಳಿದದ್ದು ಗಣಿತದ ತರಗತಿಯಲ್ಲಲ್ಲ, ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ. ಅಲ್ಲಿ ಬ್ಯಾಲಿಸ್ಟಿಕ್ ಗ್ಯಾಲ್ವನೋಮೀಟರ್ ಇತ್ತು. ಒಳಗೆ ತೂಗುಬಿಟ್ಟ ಸುರುಳಿಗೆ ಅಂಟಿದ ಪುಟ್ಟ ಕನ್ನಡಿಯಿಂದ ಬೆಳಕು ಪ್ರತಿಫಲಿಸಿ, ಒಂದು ಮೀಟರ್ ದೂರದ ಸ್ಕೇಲಿನ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ಕೀ ಒತ್ತಿ ಬಿಟ್ಟರೆ ಚುಕ್ಕೆ ಎಡಕ್ಕೂ ಬಲಕ್ಕೂ ತೂಗಾಡುತ್ತ, ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ ದೂರ ಹೋಗುತ್ತ ನಿಲ್ಲುತ್ತಿತ್ತು. ಮಂಡಲದ ರೋಧವನ್ನು ಇಳಿಸುತ್ತ ಹೋದಂತೆ ತೂಗಾಟ ಬೇಗ ಬೇಗ ಸಾಯುತ್ತಿತ್ತು. ಒಂದು ಹಂತದಲ್ಲಿ ಚುಕ್ಕೆ ಆಚೆ ಬದಿಗೆ ಹೋಗುವುದೇ ನಿಂತಿತು. ನೇರವಾಗಿ ಸೊನ್ನೆಗೆ ಬಂದು ಅಲ್ಲೇ ಉಳಿಯಿತು. ಅವತ್ತೇ ಬೆಳಿಗ್ಗೆ ತರಗತಿಯಲ್ಲಿ ಮೂರು ಸಂದರ್ಭಗಳನ್ನು ಬರೆದುಕೊಂಡಿದ್ದೆವು: ಮೂಲಗಳು ಮಿಶ್ರ ಸಂಖ್ಯೆಗಳು, ಮೂಲಗಳು ಸಮ, ಮೂಲಗಳು ವಾಸ್ತವ ಮತ್ತು ಭಿನ್ನ. ನನ್ನ ಕಣ್ಣೆದುರು ನಡೆಯುತ್ತಿದ್ದುದು ಅದೇ. ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಋಣವಾಗಿರುವವರೆಗೆ ಚುಕ್ಕೆ ತೂಗುತ್ತದೆ. ಅದು ಸೊನ್ನೆಯಾದ ಗಳಿಗೆ ತೂಗಾಟ ನಿಲ್ಲುತ್ತದೆ. ಮಿಶ್ರ ಸಂಖ್ಯೆಗಳು ಬರೀ ಕಲ್ಪನೆ ಎಂದು ಪಿಯುಸಿಯಲ್ಲಿ ಬರೆದುಕೊಂಡಿದ್ದ ನನಗೆ, ಅವು ಇದ್ದಾಗ ಬೆಳಕು ತೂಗುತ್ತದೆ, ಇಲ್ಲದಾಗ ತೂಗುವುದಿಲ್ಲ ಎಂಬುದು ಕಣ್ಣಿಗೆ ಕಂಡಿತ್ತು.

ಮುಂದಿನ ವಾರ ಎಲ್‌ಸಿಆರ್ ಮಂಡಲದ ಪ್ರಯೋಗ. ರೆಕಾರ್ಡ್ ಪುಸ್ತಕದಲ್ಲಿ ಸಿದ್ಧಾಂತ ಬರೆಯುವಾಗ ಸ್ಪ್ರಿಂಗಿಗೆ ಕಟ್ಟಿದ ತೂಕದ ಸಮೀಕರಣವೇ ಮತ್ತೆ ಬಂತು. ದ್ರವ್ಯರಾಶಿಯ ಜಾಗದಲ್ಲಿ ಇಂಡಕ್ಟೆನ್ಸ್, ಘರ್ಷಣೆಯ ಜಾಗದಲ್ಲಿ ರೆಸಿಸ್ಟೆನ್ಸ್, ಸ್ಪ್ರಿಂಗಿನ ಬಿಗಿತದ ಜಾಗದಲ್ಲಿ ಕೆಪ್ಯಾಸಿಟೆನ್ಸಿನ ವಿಲೋಮ. ಕಬ್ಬಿಣದ ಸುರುಳಿಗೂ ತಾಮ್ರದ ತಂತಿಗೂ ಹೊರನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೂ ಎರಡೂ ಒಂದೇ ನಿಯಮಕ್ಕೆ ಬದ್ಧ. ಒಂದನ್ನು ಬಿಡಿಸಿದರೆ ಇನ್ನೊಂದನ್ನೂ ಬಿಡಿಸಿದ ಹಾಗೆ. ಗಣಿತವನ್ನೇ ಮುಂದೆ ಓದಬೇಕು ಎಂದು ನಾನು ತೀರ್ಮಾನ ಮಾಡಿದ್ದು ಆ ರೆಕಾರ್ಡ್ ಬರೆಯುತ್ತ ಕೂತಿದ್ದಾಗ.

ಇಷ್ಟಾದರೂ ಡಿ.ಇ. ಎಂದರೆ ವಿಧಾನಗಳ ಪಟ್ಟಿ ಎಂಬ ಭಾವನೆ ನಮ್ಮೆಲ್ಲರಲ್ಲೂ ಇತ್ತು. ಅದನ್ನು ಅಲುಗಿಸಿದ್ದು ಮೇಷ್ಟ್ರು ಒಂದು ಶನಿವಾರ ಬೋರ್ಡಿನ ಮೇಲೆ ಬರೆದ ಚಿಕ್ಕ ಸಮೀಕರಣ: ಡಿವೈ ಬೈ ಡಿಎಕ್ಸ್ ಸಮ ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್. ನಾವು ಬಿಡಿಸುತ್ತಿದ್ದ ಲೆಕ್ಕಗಳ ಮುಂದೆ ಇದು ಎಳೆಯ ಕೂಸು. ವೇರಿಯಬಲ್ ಬೇರ್ಪಡಿಸಲು ನೋಡಿದೆವು, ಆಗಲಿಲ್ಲ. ಹೋಮೋಜೀನಿಯಸ್ ಅಲ್ಲ, ಎಕ್ಸಾಕ್ಟ್ ಅಲ್ಲ, ಲೀನಿಯರ್ ಅಲ್ಲ. ನಮ್ಮ ಪಟ್ಟಿಯ ಯಾವ ಬಾಗಿಲೂ ತೆರೆಯಲಿಲ್ಲ. ಆಗ ಅವರು ಹೇಳಿದರು: ನೀವಷ್ಟೇ ಅಲ್ಲ, ಯಾರೂ ಬಿಡಿಸಲಾರರು. ಇದು ರಿಕಾಟಿಯ ಹೆಸರಿನ ಸಮೀಕರಣಗಳ ಗುಂಪಿಗೆ ಸೇರಿದ್ದು. ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳನ್ನೂ ಅನುಕಲನಗಳನ್ನೂ ಎಷ್ಟೇ ಜೋಡಿಸಿದರೂ ಇದಕ್ಕೆ ಸೂತ್ರ ಸಿಗುವುದಿಲ್ಲ ಎಂದು ಫ್ರಾನ್ಸಿನ ಲಿಯೂವಿಲ್ 1841ರಲ್ಲಿ ಸಾಧಿಸಿ ತೋರಿಸಿದ.

ತರಗತಿಯಲ್ಲಿ ಯಾರೋ ಕೇಳಿದರು, ಹಾಗಾದರೆ ಇದಕ್ಕೆ ಪರಿಹಾರವೇ ಇಲ್ಲವೇ ಸಾರ್? ಪರಿಹಾರ ಇದೆ, ಸೂತ್ರ ಇಲ್ಲ ಎಂದರು ಅವರು. ಆ ಮಾತು ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ, ಆದರೆ ಕಿವಿಯಲ್ಲಿ ಉಳಿಯಿತು. ಎಲ್ಲರೂ ಗ್ರಾಫ್ ಹಾಳೆ ತೆಗೆಯಿರಿ ಎಂದರು. ಹಾಳೆಯ ಪ್ರತಿ ಬಿಂದುವಿನಲ್ಲೂ ಇಳಿಜಾರು ಎಷ್ಟಿರಬೇಕು ಎಂಬುದನ್ನು ಸಮೀಕರಣವೇ ಹೇಳುತ್ತದೆ. ಅಷ್ಟು ಓರೆಯಲ್ಲಿ ಅಲ್ಲಲ್ಲಿ ಒಂದೊಂದು ಪುಟ್ಟ ಗೀಟು ಎಳೆಯಿರಿ. ಮೂಲಬಿಂದುವಿನಲ್ಲಿ ಇಳಿಜಾರು ಸೊನ್ನೆ, ಗೀಟು ಮಲಗಿತು. ಮೂಲಬಿಂದುವಿನಿಂದ ಒಂದೇ ದೂರದಲ್ಲಿರುವ ಬಿಂದುಗಳಲ್ಲೆಲ್ಲ ಇಳಿಜಾರು ಒಂದೇ, ಆದ್ದರಿಂದ ಒಂದೇ ವೃತ್ತದ ಮೇಲಿನ ಗೀಟುಗಳೆಲ್ಲ ಸಮಾನಾಂತರ. ದೂರ ಹೋದಂತೆ ಗೀಟುಗಳು ಎದ್ದು ನಿಲ್ಲುತ್ತವೆ. ಅರ್ಧ ಗಂಟೆಯಲ್ಲಿ ಹಾಳೆ ತುಂಬಿತು. ಈಗ ಮೂಲಬಿಂದುವಿನಲ್ಲಿ ಪೆನ್ಸಿಲ್ ಇಟ್ಟು, ಗೀಟುಗಳು ತೋರಿದ ದಿಕ್ಕಿಗೆ ನಡೆಸಿ ಎಂದರು. ಮೊದಮೊದಲು ನೆಲಕ್ಕೆ ಅಂಟಿಕೊಂಡೇ ಹೊರಟ ಗೆರೆ, ಎಕ್ಸ್ ಒಂದನ್ನು ಮುಟ್ಟುವಾಗಲೂ ಒಂದರ ಮೂರನೇ ಭಾಗದಷ್ಟು ಮಾತ್ರ ಏರಿತ್ತು. ಆಮೇಲೆ ಕಡಿದಾಗುತ್ತ, ಎಕ್ಸ್ ಎರಡರ ಹತ್ತಿರ ಬರುತ್ತಿದ್ದಂತೆ ಹಾಳೆಯ ಮೇಲ್ತುದಿಯನ್ನು ದಾಟಿ ಹೊರಟೇಹೋಯಿತು. ಎಕ್ಸ್ ಎರಡನ್ನು ದಾಟಿದ ಕೂಡಲೇ ಅದು ಅನಂತಕ್ಕೆ ಏರುತ್ತದೆ. ಅದರಾಚೆ ಆ ಪರಿಹಾರಕ್ಕೆ ಅಸ್ತಿತ್ವವಿಲ್ಲ. ಒಂದು ಸೂತ್ರವನ್ನೂ ಬರೆಯದೆ ನಾವು ಇಷ್ಟನ್ನು ಕಂಡಿದ್ದೆವು.

ಇನ್ನೊಂದನ್ನೂ ಆ ಹಾಳೆ ಕಲಿಸಿತು. ಅಲ್ಲಿಯವರೆಗೆ ‘ಸಿ’ ಎಂಬ ಸ್ಥಿರಾಂಕ ನಮಗೆ ಉತ್ತರದ ಬಾಲಕ್ಕೆ ಅಂಟಿಸುವ ಅಕ್ಷರ, ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ ಎಂಬಷ್ಟೇ ಅದರ ಮಹತ್ವ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲನ್ನು ಬೇರೆ ಬೇರೆ ಕಡೆ ಇಟ್ಟು ಹೊರಟಾಗ ಬೇರೆ ಬೇರೆ ವಕ್ರರೇಖೆಗಳು ಬಂದವು. ಗೀಟುಗಳೆಲ್ಲ ಅವೇ, ಹೊರಟ ಜಾಗ ಮಾತ್ರ ಬೇರೆ. ‘ಸಿ’ ಎಂದರೆ ಹೊರಟ ಜಾಗ. ಸಮೀಕರಣ ಹೇಳುವುದು ನಿಯಮವನ್ನು. ಕಾಫಿ ಎಷ್ಟು ಬಿಸಿಯಿತ್ತು, ಲೋಲಕವನ್ನು ಎಲ್ಲಿಂದ ಬಿಟ್ಟೆವು, ಊರಿನಲ್ಲಿ ಮೊದಲು ಎಷ್ಟು ಜನರಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವು ಜಗತ್ತನ್ನು ನೋಡಿ, ಅಳೆದು ತರಬೇಕು. ನಿಯಮ ಮತ್ತು ಆರಂಭ, ಎರಡೂ ಸೇರಿದಾಗಲೇ ಮುಂದಿನದು ನಿಶ್ಚಯವಾಗುತ್ತದೆ.

ನಿಜಕ್ಕೂ ನಿಶ್ಚಯವಾಗುತ್ತದೆಯೇ? ಈ ಪ್ರಶ್ನೆಯನ್ನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಎದುರಿಸಿದೆವು. ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಜಾರ್ಜ್ ಸಿಮನ್ಸ್ 1972ರಲ್ಲಿ ಬರೆದ ಪುಸ್ತಕವಿತ್ತು. ಅಧ್ಯಾಯಗಳ ನಡುವೆ ಗಣಿತಜ್ಞರ ಬದುಕಿನ ಟಿಪ್ಪಣಿಗಳಿದ್ದ ಆ ಪುಸ್ತಕದಿಂದ, ನಮಗೆ ವಿಧಾನಗಳ ಹೆಸರಾಗಿದ್ದ ಬರ್ನೂಲಿ, ಲಗ್ರಾಂಜ್, ಬೆಸೆಲ್ ಮನುಷ್ಯರಾದರು. ಪರಿಹಾರ ಇದೆ, ಅದೂ ಒಂದೇ ಎಂಬ ಪ್ರಮೇಯಕ್ಕೆ ಪಿಕಾರ್ 1890ರಲ್ಲಿ ಕೊಟ್ಟ ಸಾಧನೆಯನ್ನು ನಾನು ಓದಿದ್ದೂ ಆ ದಿನಗಳಲ್ಲೇ. ಪರಿಹಾರ ಗೊತ್ತಿಲ್ಲದಿದ್ದರೆ ಒಂದು ಊಹೆಯಿಂದ ಶುರುಮಾಡು. ಅದನ್ನು ಸಮೀಕರಣದ ಬಲಗಡೆ ಇಟ್ಟು ಅನುಕಲಿಸು. ಬಂದದ್ದನ್ನು ಮತ್ತೆ ಅದೇ ಜಾಗದಲ್ಲಿ ಇಡು. ವೈಯ ವೇಗ ವೈಯಷ್ಟೇ ಎಂಬ ನಮ್ಮ ಮೊದಲ ಪಾಠದ ಸಮೀಕರಣಕ್ಕೆ ಇದನ್ನು ಮಾಡಿ ನೋಡಿದೆ. ಸೊನ್ನೆಯಲ್ಲಿ ಬೆಲೆ 1 ಎಂದಿಟ್ಟುಕೊಂಡರೆ ಮೊದಲ ಊಹೆ 1. ಎರಡನೆಯದು 1 ಪ್ಲಸ್ ಎಕ್ಸ್. ಮೂರನೆಯದಕ್ಕೆ ಎಕ್ಸ್ ಸ್ಕ್ವೇರ್ ಬೈ 2 ಸೇರಿತು. ನಾಲ್ಕನೆಯದಕ್ಕೆ ಎಕ್ಸ್ ಕ್ಯೂಬ್ ಬೈ 6. ‘ಇ’ಯ ಎಕ್ಸ್ ಘಾತದ ಶ್ರೇಣಿ ಒಂದೊಂದೇ ಪದವಾಗಿ ತಾನೇ ಹುಟ್ಟಿ ಬರುತ್ತಿತ್ತು. ಉತ್ತರವನ್ನು ಯಾರೂ ಹೇಳಿಕೊಡದೆ ಸಮೀಕರಣವೇ ತನ್ನ ಉತ್ತರವನ್ನು ಕಟ್ಟುತ್ತದೆ ಎಂಬುದನ್ನು ಅವತ್ತು ಕಂಡೆ.

ಇದಕ್ಕೆ ಒಂದು ಷರತ್ತಿದೆ. ಜರ್ಮನಿಯ ಲಿಪ್‌ಶಿಟ್ಸ್ 1876ರಲ್ಲಿ ಅದನ್ನು ಬರೆದಿಟ್ಟ: ವೈ ಸ್ವಲ್ಪ ಬದಲಾದರೆ ಇಳಿಜಾರೂ ಅದಕ್ಕೆ ತಕ್ಕಷ್ಟೇ ಬದಲಾಗಬೇಕು, ಎಲ್ಲೂ ಮಿತಿಮೀರಬಾರದು. ಈ ಷರತ್ತು ಇದ್ದಲ್ಲಿ ಒಂದು ಬಿಂದುವಿನ ಮೂಲಕ ಒಂದೇ ಪರಿಹಾರ ಹಾದುಹೋಗುತ್ತದೆ. ಎರಡು ಪರಿಹಾರಗಳು ಎಲ್ಲೂ ಕೂಡುವುದಿಲ್ಲ. ಕಾಫಿ ಆರುವುದನ್ನೇ ನೋಡಿ. ಕಾಫಿಗೂ ಕೋಣೆಗೂ ಇರುವ ಬಿಸಿಯ ಅಂತರಕ್ಕೆ ಅನುಗುಣವಾಗಿ ಅದು ಆರುತ್ತದೆ ಎನ್ನುತ್ತದೆ ನ್ಯೂಟನ್ನನ ನಿಯಮ. ಮೊದಲಿನಿಂದಲೂ ಕೋಣೆಯ ತಾಪದಲ್ಲೇ ಇರುವ ಕಾಫಿ ಹಾಗೇ ಇರುತ್ತದೆ, ಅದೂ ಒಂದು ಪರಿಹಾರ. ಬಿಸಿ ಕಾಫಿಯ ರೇಖೆ ಆ ಅಡ್ಡಗೆರೆಯನ್ನು ಮುಟ್ಟುವಂತಿಲ್ಲ. ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ ಹೋಗುತ್ತದೆ, ಸೇರುವುದಿಲ್ಲ.

ಈಗ ತಳದಲ್ಲಿ ತೂತಿರುವ ಒಂದು ಬಿಂದಿಗೆ. ನೀರು ಚಿಮ್ಮುವ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣ ಎಂದು ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ. ವರ್ಗಮೂಲ ಸೊನ್ನೆಯ ಹತ್ತಿರ ಲಿಪ್‌ಶಿಟ್ಸನ ಷರತ್ತನ್ನು ಮುರಿಯುತ್ತದೆ. ಪರಿಣಾಮ? ಬಿಂದಿಗೆ ನಿಜಕ್ಕೂ ಖಾಲಿಯಾಗುತ್ತದೆ, ಅದೂ ಲೆಕ್ಕ ಹಾಕಬಹುದಾದ ಸಮಯದಲ್ಲಿ. ಖಾಲಿ ಬಿಂದಿಗೆಯನ್ನು ನೋಡಿದವನಿಗೆ ಅದು ಈಗಷ್ಟೇ ಖಾಲಿಯಾಯಿತೋ, ನಿನ್ನೆಯೇ ಆಗಿತ್ತೋ ತಿಳಿಯುವುದಿಲ್ಲ. ಹಿಂದಿನ ಎಷ್ಟೋ ಕಥೆಗಳು ಅಲ್ಲಿಗೆ ಬಂದು ಸೇರಿರಬಹುದು. ಪರಿಹಾರ ಒಂದೇ ಎಂಬ ಪ್ರಮೇಯ ಮುರಿಯುವ ಜಾಗ ಯಾವ ವಿಚಿತ್ರ ಸಮೀಕರಣದಲ್ಲೂ ಇಲ್ಲ, ಅಡುಗೆಮನೆಯ ಮೂಲೆಯಲ್ಲೇ ಇದೆ. ಪ್ರಮೇಯದ ಷರತ್ತುಗಳನ್ನು ಪರೀಕ್ಷೆಗಾಗಿ ನೆನಪಿಡುವ ಕಾಲ ನನ್ನ ಪಾಲಿಗೆ ಮುಗಿದದ್ದು ಇಲ್ಲಿ. ಷರತ್ತು ಎಂದರೆ ಜಗತ್ತು ಎಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಗಡಿರೇಖೆ ಎಂದು ಅರ್ಥವಾಯಿತು.

ಮುಂದೆ ನಾನೇ ಡಿಗ್ರಿ ಕಾಲೇಜಿನಲ್ಲಿ ಈ ಪಾಠ ಮಾಡುವವನಾದೆ. ಆಗ ನನ್ನನ್ನು ಹಿಡಿದು ಕೂರಿಸಿದ ಸಮೀಕರಣಗಳು ರೋಗ ಹರಡುವಿಕೆಯವು. ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದಳು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಬಾಗಿಲು ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. 1898ರ ಪ್ಲೇಗಿನ ನಂತರ ಬೆಂಗಳೂರು ಮಲ್ಲೇಶ್ವರ, ಬಸವನಗುಡಿಗಳಾಗಿ ಹರಡಿಕೊಂಡಿತು. ಪ್ಲೇಗಮ್ಮನ ಗುಡಿಗಳು ನಮ್ಮ ಕಡೆ ಈಗಲೂ ಇವೆ. ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು 1927ರಲ್ಲಿ ಎಡಿನ್‌ಬರೋದಿಂದ ಬರೆದ ಲೇಖನ ಕೈಗೆ ಬಂದಾಗ ಅಜ್ಜಿಯ ಮಾತು ನೆನಪಾಯಿತು. ಕೆರ್ಮ್ಯಾಕ್ 1924ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡ ರಸಾಯನಶಾಸ್ತ್ರಜ್ಞ. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ ವೈದ್ಯ, ಕಸೌಲಿಯ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥನಾಗಿದ್ದವನು. ತಮ್ಮ ಸಿದ್ಧಾಂತವನ್ನು ಹೋಲಿಸಿ ನೋಡಲು ಅವರು ಆರಿಸಿಕೊಂಡದ್ದು ಮುಂಬಯಿಯಲ್ಲಿ 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಪ್ಲೇಗಿನಿಂದ ಸತ್ತವರ ವಾರವಾರದ ಲೆಕ್ಕ.

ಆ ಸಮೀಕರಣಗಳಲ್ಲಿ ಮೂರು ಗುಂಪುಗಳಿವೆ: ರೋಗ ತಗಲಬಹುದಾದವರು, ಸೋಂಕಿತರು, ಗುಣವಾಗಿಯೋ ತೀರಿಕೊಂಡೋ ಆಟದಿಂದ ಹೊರಗಾದವರು. ಸರಳ ರೂಪದಲ್ಲೂ ಕಾಲಕ್ಕೆ ತಕ್ಕಂತೆ ಅವರ ಸಂಖ್ಯೆ ಹೇಳುವ ಅಚ್ಚುಕಟ್ಟಾದ ಸೂತ್ರವಿಲ್ಲ. ಲೇಖಕರು ಅಂದಾಜಿನ ರೇಖೆಯೊಂದನ್ನು ಕೊಟ್ಟು ಮುಂಬಯಿಯ ಅಂಕಿಗಳ ಮೇಲೆ ಇಟ್ಟು ನೋಡಿದರು. ಆದರೆ ಸೂತ್ರ ಇಲ್ಲದೆಯೂ ಸಮೀಕರಣ ಒಂದು ದೊಡ್ಡ ಮಾತನ್ನು ಹೇಳುತ್ತದೆ. ಸೋಂಕಿತರ ಸಂಖ್ಯೆ ಏರುವ ವೇಗದಲ್ಲಿ ಎರಡು ಪದಗಳ ವ್ಯತ್ಯಾಸವಿದೆ: ಹೊಸದಾಗಿ ತಗಲುವುದು, ಹಳಬರು ಹೊರಗಾಗುವುದು. ರೋಗ ತಗಲಬಹುದಾದವರ ಸಂಖ್ಯೆ ಒಂದು ಹೊಸ್ತಿಲಿಗಿಂತ ಹೆಚ್ಚಿದ್ದರೆ ರೋಗ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. ಎಲ್ಲರಿಗೂ ತಗಲುವ ಮೊದಲೇ ರೋಗ ತಣ್ಣಗಾಗುವುದು ಇದರಿಂದಲೇ. ಇಲಿ, ಚಿಗಟಗಳ ಮೂಲಕ ಬರುವ ಪ್ಲೇಗಿಗೆ ಈ ಮಾದರಿ ಪೂರ್ತಿ ಹೊಂದುವುದಿಲ್ಲ. ಆದರೂ ಗುಡಿಸಲಿಗೆ ಹೋಗಿ ಬದುಕಿದ ನಮ್ಮ ಹಳ್ಳಿಯವರು ರೋಗ ತಗಲುವ ದರವನ್ನೇ ಇಳಿಸಿದ್ದರು ಎಂಬುದನ್ನು ಆ ಎರಡು ಪದಗಳ ವ್ಯತ್ಯಾಸದಲ್ಲಿ ನಾನು ಓದಿದೆ. 2020ರಲ್ಲಿ ಕೋವಿಡ್ ಬಂದಾಗ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠದಲ್ಲಿ ಮೊದಲು ಬರೆದು ತೋರಿಸಿದ್ದೂ ಅದನ್ನೇ. ಕಾಯಿಲೆ ಎಂದು ಮುಗಿಯುತ್ತದೆ ಎಂದು ಹೇಳಲು ನನ್ನಿಂದಾಗಲಿಲ್ಲ. ಅಂತರ ಕಾಯ್ದುಕೊಂಡರೆ ಸಮೀಕರಣದ ಯಾವ ಅಂಕ ಇಳಿಯುತ್ತದೆ, ಲಸಿಕೆ ಬಂದರೆ ಯಾವುದು ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಮನೆಯೊಳಗೆ ಕೂತ ಮಕ್ಕಳಿಗೆ ಅಷ್ಟು ತಿಳಿಯುವುದು ಅಗತ್ಯವಾಗಿತ್ತು.

ನನಗೆ ಕಲಿಸಿದ ವಿಧಾನಗಳ ಬಗ್ಗೆ ನನಗಿರುವುದು ಕೃತಜ್ಞತೆಯೇ. ಕೈ ಪಳಗದೆ ಕಣ್ಣು ತೆರೆಯುವುದಿಲ್ಲ, ಸಿ.ಎಫ್., ಪಿ.ಐ. ಬರೆದು ಬರೆದು ಅಭ್ಯಾಸವಾಗದಿದ್ದರೆ ಗ್ಯಾಲ್ವನೋಮೀಟರಿನ ಚುಕ್ಕೆಯಲ್ಲಿ ವರ್ಗಮೂಲದ ಚಿಹ್ನೆಯನ್ನು ನಾನು ಕಾಣುತ್ತಿರಲಿಲ್ಲ. ಆದರೆ ಕ್ರಮವನ್ನು ಬದಲಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಮೊದಲ ವಾರವೇ ಗ್ರಾಫ್ ಹಾಳೆ ಕೊಟ್ಟು ಗೀಟು ಎಳೆಸಬೇಕು. ಈಗ ಮೊಬೈಲಿನಲ್ಲೇ ದಿಕ್ಕಿನ ಚಿತ್ರ ಕ್ಷಣದಲ್ಲಿ ಮೂಡುತ್ತದೆ. ಆದರೂ ಮೊದಲ ಚಿತ್ರ ಕೈಯಿಂದಲೇ ಬರಲಿ, ಪ್ರತಿ ಬಿಂದುವಿನಲ್ಲೂ ಸಮೀಕರಣವನ್ನು ಕೇಳಿ ಕೇಳಿ ಬರಲಿ. ಸೂತ್ರ ಆಮೇಲೆ ಬರಲಿ. ಪಟ್ಟಿಯಲ್ಲಿ ಇಲ್ಲದ ಸಮೀಕರಣವೇ ಜಗತ್ತಿನಲ್ಲಿ ಹೆಚ್ಚು. ಅಂಥದ್ದು ಎದುರಾದಾಗ ಪುಸ್ತಕ ಮುಚ್ಚುವ ವಿದ್ಯಾರ್ಥಿಗೂ, ಪೆನ್ಸಿಲ್ ಹಿಡಿಯುವ ವಿದ್ಯಾರ್ಥಿಗೂ ಬಹಳ ಅಂತರವಿದೆ.

ನನ್ನ ಕಿರುಪರೀಕ್ಷೆಗಳಲ್ಲಿ ಒಂದು ಪ್ರಶ್ನೆ ಖಾಯಂ: ಬಿಡಿಸದೆಯೇ ಹೇಳಿ, ಇಲ್ಲಿಂದ ಹೊರಟ ಪರಿಹಾರ ಏನಾಗುತ್ತದೆ? ಒಮ್ಮೆ ವೆರ್‌ಹಲ್ಸ್ಟ್ 1838ರಲ್ಲಿ ಜನಸಂಖ್ಯೆಗೆಂದು ಬರೆದ ಸಮೀಕರಣವನ್ನು ಕೊಟ್ಟಿದ್ದೆ, ಮೇಲಿನ ಮಿತಿ 1, ಹೊರಡುವುದು ಅರ್ಧದಿಂದ. ಏರುತ್ತ 1ರ ಹತ್ತಿರ ಹೋಗುತ್ತದೆ ಎಂದು ಹೆಚ್ಚಿನವರು ಬರೆದಿದ್ದರು, ಸರಿಯೇ. ಒಬ್ಬ ಹುಡುಗಿ ಇನ್ನೊಂದು ಸಾಲು ಸೇರಿಸಿದ್ದಳು: ಆದರೆ 1ನ್ನು ಎಂದೂ ಮುಟ್ಟುವುದಿಲ್ಲ, ಯಾಕೆಂದರೆ 1ರಲ್ಲಿ ಆಗಲೇ ಬೇರೊಂದು ಪರಿಹಾರವಿದೆ, ಎರಡು ಪರಿಹಾರಗಳು ಕೂಡುವಂತಿಲ್ಲ. ಆ ವರ್ಷದ ಪಠ್ಯದಲ್ಲಿ ಪಿಕಾರನ ಪ್ರಮೇಯ ಇರಲಿಲ್ಲ. ಗೀಟುಗಳನ್ನು ಎಳೆಯುತ್ತ ಅವಳೇ ಅದನ್ನು ಕಂಡುಕೊಂಡಿದ್ದಳು. ಮರುದಿನ ತರಗತಿಯಲ್ಲಿ ಆ ಉತ್ತರವನ್ನು ಅವಳಿಂದಲೇ ಓದಿಸಿ, ಅಲ್ಲಿಂದಲೇ ಪಿಕಾರನ ಪ್ರಮೇಯವನ್ನು ಶುರುಮಾಡಿದೆ.